ಮತಗಟ್ಟೆಯ ಬಾಗಿಲಲ್ಲಿ ನೀವು ಯಾರು?

ಮತಗಟ್ಟೆಯೊಳಗೆ ಕಾಲಿಟ್ಟವರಿಗೆ ಎದುರಾಗುವುದು ಎರಡು ಪ್ರಶ್ನೆಗಳು. ನಿಮ್ಮ ಹೆಸರು ಪಟ್ಟಿಯಲ್ಲಿದೆಯೇ ಎಂಬುದು ಒಂದು. ಆ ಹೆಸರಿನವರು ನೀವೇ ಎಂಬುದಕ್ಕೆ ಏನು ಸಾಕ್ಷಿ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಅಧಿಕಾರಿಯ ಮೇಜಿನ ಮೇಲಿರುತ್ತದೆ. ಎರಡನೆಯದಕ್ಕೆ ಉತ್ತರ ಮತದಾರನ ಜೇಬಿನಲ್ಲೋ ಸೆರಗಿನ ಗಂಟಿನಲ್ಲೋ ಇರಬೇಕು. ಈ ಎರಡನ್ನೂ ಒಂದೇ ಎಂದು ಭಾವಿಸುವ ರೂಢಿ ಬೆಳೆದುಬಿಟ್ಟಿದೆ. ಭಾವಚಿತ್ರವಿರುವ ಗುರುತಿನ ಚೀಟಿ ಕೈಯಲ್ಲಿದ್ದರೆ ಓಟು ಇದೆ, ಇಲ್ಲದಿದ್ದರೆ ಇಲ್ಲ ಎಂದು ತಿಳಿದವರೇ ಹೆಚ್ಚು. ಕಾನೂನು ಹೇಳುವುದು ಬೇರೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರಿಗೂ ಮತ ಹಾಕುವ ಹಕ್ಕಿದೆ, ಹೆಸರಿಲ್ಲದವರಿಗೆ ಇಲ್ಲ ಎನ್ನುತ್ತದೆ 1951ರ ಜನತಾ ಪ್ರಾತಿನಿಧ್ಯ ಕಾಯಿದೆಯ 62ನೇ ಕಲಮು. ಚೀಟಿ ಗುರುತು ಹೇಳುತ್ತದೆಯೇ ಹೊರತು ಹಕ್ಕು ಕೊಡುವುದಿಲ್ಲ. ಆದರೆ ಹಕ್ಕು ಇದ್ದವರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುವ ಶಕ್ತಿ ಮಾತ್ರ ಅದಕ್ಕಿದೆ. ಈ ವಿಚಿತ್ರ ಸ್ಥಿತಿಗೆ ನಮ್ಮ ದೇಶದಲ್ಲಿ ಏಳು ದಶಕಗಳ ಕಥೆಯಿದೆ.

ಕಥೆ ಆರಂಭವಾಗುವುದು ಭಾವಚಿತ್ರದಿಂದಲ್ಲ, ಹೆಸರಿನಿಂದ. 1951-52ರ ಮೊದಲ ಮಹಾ ಚುನಾವಣೆಗೆ ಸುಮಾರು 17 ಕೋಟಿ 30 ಲಕ್ಷ ಮತದಾರರ ಪಟ್ಟಿ ತಯಾರಿಸಬೇಕಾಗಿತ್ತು. ಅವರಲ್ಲಿ ಬಹುಪಾಲು ಜನ ಓದುಬರಹ ಬಾರದವರು. ಪಟ್ಟಿ ಬರೆಯುವವರು ಮನೆಮನೆಗೆ ಹೋದಾಗ ಉತ್ತರ ಭಾರತದ ಅನೇಕ ಕಡೆ ಹೆಂಗಸರು ತಮ್ಮ ಹೆಸರು ಹೇಳಲು ಒಪ್ಪಲಿಲ್ಲ. ಇಂಥವರ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಹೇಳಿದರು. ಹಾಗೆಯೇ ಬರೆದುಕೊಂಡೂ ಬಂದಿದ್ದರು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಇದನ್ನು ಒಪ್ಪಲಿಲ್ಲ. ಮತದಾರಳಿಗೆ ಸ್ವಂತ ಹೆಸರು ಇರಬೇಕು, ಇಲ್ಲವಾದರೆ ಪಟ್ಟಿಯಲ್ಲಿ ಜಾಗವಿಲ್ಲ ಎಂದರು. ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ ಹತ್ತಿರಹತ್ತಿರ 28 ಲಕ್ಷ ಮಂದಿಯನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಬಿಹಾರ, ಉತ್ತರ ಪ್ರದೇಶ, ಮಧ್ಯಭಾರತ, ರಾಜಸ್ಥಾನ, ವಿಂಧ್ಯಪ್ರದೇಶಗಳಲ್ಲಿ ಈ ಸಂಖ್ಯೆ ದೊಡ್ಡದಿತ್ತು. ಸೇನ್ ಮಾಡಿದ್ದು ಸರಿಯೋ ತಪ್ಪೋ ಎಂಬ ಬಗ್ಗೆ ಎರಡು ಮಾತು ಸಾಧ್ಯ. ಹೆಣ್ಣಿಗೆ ತನ್ನದೇ ಹೆಸರು ಇರಬೇಕೆಂದು ಸರ್ಕಾರಿ ದಾಖಲೆಯೊಂದು ಹಟ ಹಿಡಿದದ್ದು ಆ ಕಾಲಕ್ಕೆ ಸಣ್ಣ ಕ್ರಾಂತಿಯೇ. ಆದರೆ ಆ 28 ಲಕ್ಷ ಹೆಂಗಸರ ಪಾಲಿಗೆ ಸ್ವತಂತ್ರ ಭಾರತದ ಮೊದಲ ಚುನಾವಣೆ ಬಂದು ಹೋಯಿತು, ಅಷ್ಟೆ. ನಿಯಮ ಒಳ್ಳೆಯದಿರಬಹುದು, ಉದ್ದೇಶ ಇನ್ನೂ ಒಳ್ಳೆಯದಿರಬಹುದು. ಬೆಲೆ ತೆತ್ತವರು ಮಾತ್ರ ಬೇರೆಯವರು. ಮುಂದೆ ಬಂದ ಪ್ರತಿಯೊಂದು ಗುರುತಿನ ಪ್ರಶ್ನೆಯಲ್ಲೂ ಇದೇ ಲೆಕ್ಕ ಮರುಕಳಿಸುತ್ತದೆ.

ಪಟ್ಟಿಯಲ್ಲಿ ಹೆಸರು ಸೇರಿದವರ ಗುರುತನ್ನು ಮತದಾನದ ದಿನ ಹಿಡಿಯುತ್ತಿದ್ದುದು ಹೇಗೆ? ಮನುಷ್ಯರ ನೆನಪಿನಿಂದ. ಹಳ್ಳಿಯ ಶಾಲೆಯಲ್ಲಿ ಮತಗಟ್ಟೆ. ಅಲ್ಲಿ ಕುಳಿತ ಪಕ್ಷಗಳ ಏಜೆಂಟರು ಅದೇ ಊರಿನವರು. ಶಾನುಭೋಗರಿಗೋ ಪಟೇಲರಿಗೋ ಊರಿನ ಪ್ರತಿ ಮುಖವೂ ಪರಿಚಿತ. ಬಂದವನು ತಿಮ್ಮಪ್ಪನೋ ಅವನ ತಮ್ಮನೋ ಎಂಬುದನ್ನು ತಿಳಿಯಲು ಯಾವ ಕಾಗದವೂ ಬೇಕಿರಲಿಲ್ಲ. ಅನುಮಾನ ಬಂದರೆ ಅದಕ್ಕೂ ದಾರಿಯಿತ್ತು, ಈಗಲೂ ಇದೆ. ಏಜೆಂಟನೊಬ್ಬ ಎರಡು ರೂಪಾಯಿ ಠೇವಣಿ ಇಟ್ಟು 'ಇವನು ಆ ಮತದಾರನಲ್ಲ' ಎಂದು ತಕರಾರು ಎತ್ತಬಹುದು. ಮತಗಟ್ಟೆಯ ಅಧ್ಯಕ್ಷಾಧಿಕಾರಿ ಅಲ್ಲಿಯೇ ವಿಚಾರಣೆ ನಡೆಸಿ ತೀರ್ಮಾನಿಸಬೇಕು. ತಕರಾರು ಸುಮ್ಮಸುಮ್ಮನೆ ಎತ್ತಿದ್ದೆಂದು ಕಂಡರೆ ಎರಡು ರೂಪಾಯಿ ಸರ್ಕಾರಕ್ಕೆ ಹೋಯಿತು. 1961ರ ನಿಯಮಗಳಲ್ಲಿ ಬರೆದ ಈ ಎರಡು ರೂಪಾಯಿ ಬೆಲೆಯೇರಿಕೆಗೆ ಜಗ್ಗದೆ ಇಂದಿಗೂ ಹಾಗೆಯೇ ನಿಂತಿದೆ ಎಂಬುದು ಬೇರೆ ಮಾತು. ಆ ನಿಯಮಗಳಲ್ಲಿ ಇನ್ನೊಂದು ಉದಾರವಾದ ಸಾಲೂ ಉಂಟು. ಎದುರಿಗೆ ನಿಂತವನೇ ಆ ಮತದಾರನೆಂದು ಮನವರಿಕೆಯಾದರೆ, ಪಟ್ಟಿಯಲ್ಲಿನ ಬರವಣಿಗೆಯ ಅಥವಾ ಅಚ್ಚಿನ ಸಣ್ಣಪುಟ್ಟ ತಪ್ಪುಗಳನ್ನು ಅಧಿಕಾರಿ ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಅನುಮಾನ ಪಡುವವನ ಮೇಲೆ ಹೊಣೆ, ಮತದಾರನ ಮೇಲಲ್ಲ ಎಂಬುದು ಈ ವ್ಯವಸ್ಥೆಯ ತಿರುಳು.

ಇದರ ಜೊತೆಗೆ ಬಂದದ್ದು ಶಾಯಿ. ಒಮ್ಮೆ ಮತ ಹಾಕಿದವನು ಮತ್ತೆ ಬರದಂತೆ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಮೊದಲ ಚುನಾವಣೆಯಲ್ಲೇ ಬಳಕೆಗೆ ಬಂದಿತ್ತು. 1962ರ ಮೂರನೆಯ ಮಹಾ ಚುನಾವಣೆಯಿಂದ ಅದು ಮೈಸೂರಿನದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂಬ ಹೆಸರಿನಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆ, ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್, ದೇಶದ ಎಲ್ಲ ಚುನಾವಣೆಗಳಿಗೂ ಶಾಯಿ ಒದಗಿಸುತ್ತ ಬಂದಿದೆ, ಹೊರದೇಶಗಳಿಗೂ ಕಳಿಸಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗಿ ಬೆಳಕು ಕಂಡೊಡನೆ ಕಪ್ಪಾಗುತ್ತದೆ. ಸೋಪು, ಸೀಗೆಪುಡಿ ಯಾವುದಕ್ಕೂ ಬಗ್ಗುವುದಿಲ್ಲ. ಚರ್ಮ ಸುಲಿದು, ಉಗುರು ಬೆಳೆದು ಹೊರಗೆ ಬಂದ ಮೇಲೆಯೇ ಅದು ಹೋಗುವುದು. 2006ರಿಂದ ಚುಕ್ಕೆಯ ಬದಲು ಎಡಗೈ ತೋರುಬೆರಳಿನ ಉಗುರಿನ ತುದಿಯಿಂದ ಮೊದಲ ಗಿಣ್ಣಿನವರೆಗೆ ಗೆರೆ ಎಳೆಯುತ್ತಾರೆ. ಈ ಶಾಯಿಯ ಗುಣವೊಂದನ್ನು ಗಮನಿಸಬೇಕು. ಅದು ಯಾರ ಹೆಸರನ್ನೂ ಕೇಳುವುದಿಲ್ಲ. ಮತದಾರ ಮನೆಯಲ್ಲಿ ಮರೆತು ಬರುವಂಥದ್ದು ಏನೂ ಇಲ್ಲ, ಅದಕ್ಕಾಗಿ ತಾಲ್ಲೂಕು ಕಚೇರಿಗೆ ಅಲೆಯಬೇಕಾಗಿಲ್ಲ. ಬೆರಳು ಎಲ್ಲರ ಬಳಿಯೂ ಇದೆ. ಶಾಯಿ ಇಲ್ಲವೆಂದು ಯಾವ ಮತದಾರನನ್ನೂ ಹಿಂದೆ ಕಳಿಸಿಲ್ಲ.

ಆದರೆ ಶಾಯಿಗೆ ಒಂದು ಕೆಲಸ ಬಾರದು. ಒಬ್ಬನೇ ಎರಡು ಸಲ ಮತ ಹಾಕುವುದನ್ನು ಅದು ತಡೆಯುತ್ತದೆ. ಒಬ್ಬನ ಹೆಸರಿನಲ್ಲಿ ಇನ್ನೊಬ್ಬ ಒಂದೇ ಸಲ ಹಾಕುವುದನ್ನು ತಡೆಯಲಾರದು. ಹಳ್ಳಿಯಲ್ಲಿ ಇದು ಕಷ್ಟ. ಪಕ್ಕದ ಮನೆಯವರ ಮುಖವನ್ನೇ ನೋಡದ ಪಟ್ಟಣದಲ್ಲಿ ಸುಲಭ. ಸಂಜೆ ನಾಲ್ಕಕ್ಕೆ ನಿಧಾನವಾಗಿ ಮತಗಟ್ಟೆಗೆ ಹೋದ ಸಭ್ಯಸ್ಥರಿಗೆ 'ನಿಮ್ಮ ಓಟು ಆಗಲೇ ಆಗಿದೆಯಲ್ಲ ಸ್ವಾಮಿ' ಎಂಬ ಉತ್ತರ ಸಿಕ್ಕ ಪ್ರಸಂಗಗಳು ನಗರಗಳಲ್ಲಿ ಹೊಸತೇನಲ್ಲ. ಅಂಥವರಿಗೂ ಕಾನೂನು ಒಂದು ಪರಿಹಾರ ಇಟ್ಟಿದೆ. ತಾನೇ ಆ ಮತದಾರನೆಂದು ತೋರಿಸಿಕೊಟ್ಟರೆ ಅವರಿಗೆ ಬೇರೆಯೇ ಮತಪತ್ರ ಕೊಡುತ್ತಾರೆ. ಅದಕ್ಕೆ 'ಟೆಂಡರ್ ಓಟು' ಎಂದು ಹೆಸರು. ಅದನ್ನು ಲಕೋಟೆಯಲ್ಲಿ ಹಾಕಿ ಮೊಹರು ಮಾಡಿ ಇಡುತ್ತಾರೆ, ಎಣಿಸುವುದಿಲ್ಲ. ಫಲಿತಾಂಶದ ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ, ಅಲ್ಲಿ ಆದೇಶವಾದರಷ್ಟೇ ಆ ಲಕೋಟೆ ಒಡೆಯುವುದು. ಒಂದು ಓಟಿನಿಂದ ಏನಾದೀತು ಎನ್ನುವವರಿಗೆ ಕರ್ನಾಟಕದಲ್ಲೇ ಉತ್ತರವಿದೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ ಬಂದವು, ಎದುರಾಳಿ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751.

ಇನ್ನೊಬ್ಬರ ಹೆಸರಿನಲ್ಲಿ ಮತ ಹಾಕುವ ಈ ಕಳ್ಳತನಕ್ಕೆ ಭಾವಚಿತ್ರವೇ ಮದ್ದು ಎಂಬ ಯೋಚನೆ ಬಹಳ ಹಳೆಯದು. 1957ರ ಚುನಾವಣೆಯ ನಂತರ ಚುನಾವಣಾ ಆಯೋಗವೇ ಇದನ್ನು ಸೂಚಿಸಿತು, ಮರುವರ್ಷ ಕಾಯಿದೆಯಲ್ಲಿ ಅವಕಾಶವೂ ಆಯಿತು. 1960ರಲ್ಲಿ ಕಲ್ಕತ್ತ ನೈಋತ್ಯ ಲೋಕಸಭಾ ಕ್ಷೇತ್ರದ ಉಪಚುನಾವಣೆಯಲ್ಲಿ ಮೊದಲ ಪ್ರಯೋಗ ನಡೆಯಿತು. ಹತ್ತು ತಿಂಗಳು ಹೆಣಗಿದರೂ 3.42 ಲಕ್ಷ ಮತದಾರರಲ್ಲಿ ಸುಮಾರು 2.1 ಲಕ್ಷ ಮಂದಿಗಷ್ಟೇ ಚೀಟಿ ಕೊಡಲು ಸಾಧ್ಯವಾಯಿತು. ಬಹಳಷ್ಟು ಹೆಂಗಸರು ಕ್ಯಾಮೆರಾ ಮುಂದೆ ನಿಲ್ಲಲು ಒಪ್ಪಲಿಲ್ಲ. ಚಿತ್ರ ತೆಗೆಯುವವರು ಗಂಡಸರಾದರೂ ಸರಿ, ಹೆಂಗಸರಾದರೂ ಸರಿ, ಬೇಡವೆಂದರು. ಹತ್ತು ವರ್ಷದ ಹಿಂದೆ ಹೆಸರು ಹೇಳದೆ ಹೊರಗುಳಿದವರ ನೆನಪು ಆಯೋಗಕ್ಕೆ ಇನ್ನೂ ಹಸಿಯಾಗಿದ್ದಿರಬೇಕು. ಮಹಾನಗರದ ಒಂದೇ ಕ್ಷೇತ್ರದಲ್ಲಿ ಹೀಗಾದರೆ ದೇಶದ ಗತಿ ಏನು? ಖರ್ಚಿನ ಅಂದಾಜೂ ಎದೆ ನಡುಗಿಸುವಂತಿತ್ತು. ಯೋಜನೆಯನ್ನು ಕಟ್ಟಿ ಅಟ್ಟಕ್ಕೆ ಹಾಕಿದರು. 1979ರಲ್ಲಿ ಪುಟ್ಟ ಸಿಕ್ಕಿಂನ ವಿಧಾನಸಭಾ ಚುನಾವಣೆಗೆ ಅದನ್ನು ಇಳಿಸಿ ಧೂಳು ಕೊಡವಿದರು. ಆಮೇಲೆ ಈಶಾನ್ಯದ ಕೆಲವು ರಾಜ್ಯಗಳಿಗೆ ಹಬ್ಬಿತು. ದೇಶದ ಉಳಿದ ಭಾಗ ಹಳೆಯ ದಾರಿಯಲ್ಲೇ ನಡೆಯಿತು.

ಇಡೀ ದೇಶಕ್ಕೆ ಅದನ್ನು ತಂದವರು ಟಿ.ಎನ್. ಶೇಷನ್. 1990ರ ಡಿಸೆಂಬರಿನಿಂದ ಆರು ವರ್ಷ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಅವರ ಹೆಸರು ಕೇಳಿದರೆ ರಾಜಕಾರಣಿಗಳು ಬೆಚ್ಚುತ್ತಿದ್ದ ಕಾಲ ಅದು. ಗೋಡೆಬರಹ ಅಳಿಸಿದವು, ರಾತ್ರಿ ಧ್ವನಿವರ್ಧಕ ನಿಂತವು. 1993ರ ಆಗಸ್ಟ್ 28ರಂದು ಹೊರಟ ಆದೇಶದಲ್ಲಿ ಎಲ್ಲ ಮತದಾರರಿಗೂ ಭಾವಚಿತ್ರದ ಗುರುತಿನ ಚೀಟಿ ಕೊಡಬೇಕೆಂದು ಶೇಷನ್ ಅಪ್ಪಣೆ ಮಾಡಿದರು. ಇಷ್ಟಕ್ಕೇ ನಿಲ್ಲದೆ ಗಡುವನ್ನೂ ಕೊಟ್ಟರು: 1995ರ ಜನವರಿ 1ರ ನಂತರ ಚೀಟಿ ಕೊಡದ ಕಡೆ ಚುನಾವಣೆಯೇ ಇಲ್ಲ.

ರಾಜ್ಯ ಸರ್ಕಾರಗಳು ಗೊಣಗಿದವು. ಶಾಲೆಗೆ ಸುಣ್ಣ ಬಳಿಯಲು ದುಡ್ಡಿಲ್ಲದಿರುವಾಗ ಕೋಟ್ಯಂತರ ಜನರ ಚಿತ್ರ ತೆಗೆಸುವುದು ಹೇಗೆ ಎಂದವು. ಆದರೂ ಕೆಲಸ ಶುರುವಾಯಿತು. ಊರಿನ ಶಾಲೆಯ ಜಗುಲಿಯಲ್ಲಿ ಬಿಳಿ ಬಟ್ಟೆ ಕಟ್ಟಿ, ಮುಂದೆ ಒಂದು ಕುರ್ಚಿ ಹಾಕಿ, ಹೊಲದಿಂದ ಬಂದವರನ್ನು ಬಂದಂತೆ ಕೂರಿಸಿ ಚಿತ್ರ ತೆಗೆದರು. ಅನೇಕರ ಪಾಲಿಗೆ ಅದು ಬದುಕಿನ ಮೊದಲ ಫೋಟೊ. ಕೆಲವರಿಗೆ ಅದೇ ಕೊನೆಯದೂ ಆಗಿ, ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಮನೆಗಳು ಹಳ್ಳಿಗಳಲ್ಲಿ ಇವೆ. ಬಂದ ಚೀಟಿಗಳಲ್ಲಿ ತಮಾಷೆಗೂ ಕೊರತೆಯಿರಲಿಲ್ಲ. ಗಂಡನ ಹೆಸರಿನ ಜಾಗದಲ್ಲಿ ತಂದೆ, ಅರವತ್ತರ ಮುದುಕನಿಗೆ ಇಪ್ಪತ್ತಾರು ವರ್ಷ, ಕನ್ನಡದ ಹೆಸರು ಇಂಗ್ಲಿಷಿಗೆ ಹೋಗಿ ಮರಳಿ ಬರುವಷ್ಟರಲ್ಲಿ ಗುರುತೇ ಸಿಗದಂತೆ ಬದಲಾದದ್ದು. ಚಿತ್ರಗಳಂತೂ ಮಸಿ ಮೆತ್ತಿದಂತೆ. ಗುರುತಿನ ಚೀಟಿಯ ಫೋಟೊ ನೋಡಿ ಹೆತ್ತ ತಾಯಿಯೂ ಗುರುತಿಸಲಾರಳು ಎಂಬ ಮಾತು ಹುಟ್ಟಿದ್ದು ಆಗಲೇ.

ತಮಾಷೆಯಲ್ಲದ ಪ್ರಶ್ನೆ ಒಂದಿತ್ತು. ಚೀಟಿ ಕೊಡಬೇಕಾದದ್ದು ಸರ್ಕಾರ. ಕೊಡದಿದ್ದರೆ ಶಿಕ್ಷೆ ಯಾರಿಗೆ? ಚುನಾವಣೆ ನಿಲ್ಲಿಸಿದರೆ ಓಟು ಕಳೆದುಕೊಳ್ಳುವವನು ಮತದಾರ. ಸರ್ಕಾರದ ಸೋಮಾರಿತನಕ್ಕೆ ಪ್ರಜೆಗೆ ದಂಡ ಹಾಕಿದಂತಾಯಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಚೀಟಿ ಇಲ್ಲವೆಂಬ ಕಾರಣಕ್ಕೆ ಚುನಾವಣೆಯನ್ನು ತಡೆಹಿಡಿಯಲಾಗದು ಎಂಬ ನಿಲುವು ಅಲ್ಲಿಂದ ಬಂತು. ಗಡುವು ಸಡಿಲವಾಯಿತು. ಶೇಷನ್ ಅವರ ಹಟವಿಲ್ಲದಿದ್ದರೆ ಚೀಟಿ ಇನ್ನೆಷ್ಟು ವರ್ಷ ಅಟ್ಟದ ಮೇಲಿರುತ್ತಿತ್ತೋ. ಆದರೆ ಹಟವೊಂದೇ ಗೆದ್ದಿದ್ದರೆ ಆಗುತ್ತಿದ್ದ ಹಾನಿಯೂ ಸಣ್ಣದಲ್ಲ. ನ್ಯಾಯಾಲಯದ ತಡೆ ಎರಡನ್ನೂ ಉಳಿಸಿತು ಎನ್ನಬೇಕು.

ಚೀಟಿಯಿಂದ ಯಾವ ರೋಗ ವಾಸಿಯಾಗುತ್ತದೆ, ಯಾವುದು ಆಗುವುದಿಲ್ಲ ಎಂಬುದನ್ನೂ ಇಲ್ಲಿ ಬಿಡಿಸಿ ನೋಡಬೇಕು. 1957ರಲ್ಲಿ ಬಿಹಾರದ ಬೇಗುಸರಾಯ್ ಜಿಲ್ಲೆಯ ರಚಿಯಾಹಿಯಲ್ಲಿ ಆರಂಭವಾಯಿತೆಂದು ಹೇಳುವ ಮತಗಟ್ಟೆ ವಶದ ಪಿಡುಗಿಗೂ ಗುರುತಿನ ಚೀಟಿಗೂ ಸಂಬಂಧವಿಲ್ಲ. ಬಂದೂಕು ಹಿಡಿದು ಒಳನುಗ್ಗಿದವನು ಚೀಟಿ ತೋರಿಸಲು ನಿಲ್ಲುವುದಿಲ್ಲ. ಅದನ್ನು ತಗ್ಗಿಸಿದ್ದು ಕೇಂದ್ರದ ಪೊಲೀಸ್ ಪಡೆಗಳು, ಹಂತಹಂತದ ಮತದಾನ, ನಿಮಿಷಕ್ಕೆ ಇಷ್ಟೇ ಮತ ಎಂದು ಮಿತಿ ಹೇರಿದ ಮತಯಂತ್ರ. ಹಣ ಹಂಚುವುದನ್ನೂ ಚೀಟಿ ತಡೆಯಲಾರದು. ಅದರಿಂದ ವಾಸಿಯಾಗುವುದು ಒಂದೇ ಬಗೆಯ ಕಳ್ಳತನ: ಒಬ್ಬ ಇನ್ನೊಬ್ಬನಂತೆ ನಟಿಸುವುದು.

2000ದ ಫೆಬ್ರುವರಿಯಲ್ಲಿ ಹರಿಯಾಣ ವಿಧಾನಸಭಾ ಚುನಾವಣೆಯಲ್ಲಿ ಆಯೋಗ ಗುರುತು ತೋರಿಸುವುದನ್ನು ಕಡ್ಡಾಯ ಮಾಡಿತು. ಆದರೆ ಶೇಷನ್ ಕಾಲದ ಪಾಠ ಮರೆತಿರಲಿಲ್ಲ. ಮತದಾರರ ಚೀಟಿ ಇಲ್ಲದಿದ್ದರೆ ಇಂತಿಂಥ ಬೇರೆ ದಾಖಲೆಗಳಲ್ಲಿ ಒಂದನ್ನು ತನ್ನಿ ಎಂದಿತು. ಇದೇ ಮುಂದೆ ದೇಶದ ಪದ್ಧತಿಯಾಯಿತು. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ಆ ಪಟ್ಟಿಯಲ್ಲಿ ಆಧಾರ್, ಉದ್ಯೋಗ ಖಾತರಿಯ ಜಾಬ್ ಕಾರ್ಡ್, ಬ್ಯಾಂಕು ಅಥವಾ ಅಂಚೆ ಕಚೇರಿಯ ಭಾವಚಿತ್ರವಿರುವ ಪಾಸ್‌ಬುಕ್, ಪಿಂಚಣಿ ದಾಖಲೆ, ವಾಹನ ಚಾಲನಾ ಪರವಾನಗಿ, ಪ್ಯಾನ್ ಕಾರ್ಡ್, ಪಾಸ್‌ಪೋರ್ಟ್, ಅಂಗವಿಕಲರ ಗುರುತಿನ ಚೀಟಿ ಮೊದಲಾದ ಹನ್ನೆರಡು ಬಗೆ ಇದ್ದವು. ಚೀಟಿಯಲ್ಲಿ ಅಕ್ಷರ ತಪ್ಪಿದ್ದರೆ, ಗುರುತು ಹತ್ತುವುದಾದರೆ, ಅದನ್ನು ಕಡೆಗಣಿಸಬೇಕೆಂದೂ ಸೂಚನೆಯಿತ್ತು. ಬೇರೆ ಕ್ಷೇತ್ರದಲ್ಲಿ ಕೊಟ್ಟ ಚೀಟಿಯಾದರೂ ಈ ಮತಗಟ್ಟೆಯ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಬುರ್ಖಾ, ಸೆರಗು ಮುಸುಕಿನ ಹೆಂಗಸರ ಮುಖ ನೋಡಲು ಮಹಿಳಾ ಸಿಬ್ಬಂದಿ ಇರಬೇಕು. ಒಂದು ಬಾಗಿಲು ಮಾತ್ರ 2019ರಲ್ಲಿ ಮುಚ್ಚಿತು. ಮನೆಮನೆಗೆ ಹಂಚುತ್ತಿದ್ದ ಭಾವಚಿತ್ರವಿರುವ ಮತದಾರರ ಸ್ಲಿಪ್ ಅನ್ನೇ ಗುರುತಾಗಿ ತೋರಿಸಲು ಅದುವರೆಗೆ ಅವಕಾಶವಿತ್ತು. ಅದರಲ್ಲಿ ನಕಲಿಯನ್ನು ತಡೆಯುವ ಭದ್ರತಾ ಲಕ್ಷಣಗಳಿಲ್ಲ ಎಂಬ ಕಾರಣಕ್ಕೆ ಆಯೋಗ ಅದನ್ನು ನಿಲ್ಲಿಸಿತು.

ದಾಖಲೆಗಳ ಪಟ್ಟಿ ಒಣ ವಿಷಯವೆಂದು ಕಾಣಬಹುದು. ಆದರೆ ಇಡೀ ಜಗಳದ ಗುಟ್ಟು ಅದರಲ್ಲೇ ಇದೆ. ಪಾಸ್‌ಪೋರ್ಟು, ಪ್ಯಾನ್ ಕಾರ್ಡುಗಳಷ್ಟೇ ಸಲ್ಲುತ್ತವೆ ಎಂದಿದ್ದರೆ ಕೂಲಿಯವಳು ಹೊರಗೆ; ಜಾಬ್ ಕಾರ್ಡ್ ಸೇರಿಸಿದೊಡನೆ ಒಳಗೆ. ಹೊರದೇಶಗಳ ಅನುಭವ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಅಮೆರಿಕದಲ್ಲಿ ದೇಶಕ್ಕೆಲ್ಲ ಒಂದೇ ಎಂಬ ಗುರುತಿನ ಚೀಟಿ ಇಲ್ಲ, ಮನೆಬಾಗಿಲಿಗೆ ಬಂದು ಹೆಸರು ಬರೆದುಕೊಳ್ಳುವ ಪದ್ಧತಿಯೂ ಇಲ್ಲ. ನಿಯಮ ಮಾಡುವುದು ಆಯಾ ರಾಜ್ಯ. ಟೆಕ್ಸಾಸ್ ರಾಜ್ಯದ 2011ರ ಕಾನೂನು ಬಂದೂಕಿನ ಪರವಾನಗಿಯನ್ನು ಒಪ್ಪಿತು, ಕಾಲೇಜಿನ ಗುರುತಿನ ಚೀಟಿಯನ್ನು ಒಪ್ಪಲಿಲ್ಲ. ಯಾರಿಗೆ ಯಾವುದು ಇರುತ್ತದೆ ಎಂಬುದು ಶಾಸನ ಮಾಡಿದವರಿಗೆ ತಿಳಿಯದ್ದೇನಲ್ಲ. ಇಂಡಿಯಾನ ರಾಜ್ಯದ 2005ರ ಕಾನೂನು ಅವರ ಸುಪ್ರೀಂ ಕೋರ್ಟಿಗೆ ಹೋಗಿ, 2008ರ ಏಪ್ರಿಲ್ 28ರಂದು ಆರು-ಮೂರರ ಬಹುಮತದಿಂದ ಊರ್ಜಿತವಾಯಿತು. ಇಂಡಿಯಾನದಲ್ಲಿ ಹೀಗೆ ಒಬ್ಬರಂತೆ ನಟಿಸಿ ಮತ ಹಾಕಿದ ಒಂದು ಉದಾಹರಣೆಯೂ ದಾಖಲೆಯಲ್ಲಿಲ್ಲ ಎಂದು ತೀರ್ಪಿನಲ್ಲೇ ಒಪ್ಪಿಕೊಂಡಿದ್ದರು. ತೀರ್ಪು ಬಂದ ಮರುವಾರ ಅದೇ ರಾಜ್ಯದಲ್ಲಿ ಪ್ರಾಥಮಿಕ ಚುನಾವಣೆ. ಸೌತ್ ಬೆಂಡ್ ಬಳಿಯ ಒಂದು ಕಾನ್ವೆಂಟಿನ ಹತ್ತು-ಹನ್ನೆರಡು ವೃದ್ಧ ಸನ್ಯಾಸಿನಿಯರು, ಎಂಬತ್ತು-ತೊಂಬತ್ತು ವಯಸ್ಸಿನವರು, ತಮ್ಮ ಕಾನ್ವೆಂಟಿನಲ್ಲೇ ಇದ್ದ ಮತಗಟ್ಟೆಗೆ ಬಂದರು. ಚಾಲ್ತಿಯಲ್ಲಿರುವ ಭಾವಚಿತ್ರದ ದಾಖಲೆ ಅವರ ಬಳಿ ಇರಲಿಲ್ಲ. ಆ ವಯಸ್ಸಿನಲ್ಲಿ ಕಾರು ಓಡಿಸುವವರು ಯಾರು? ಅವರನ್ನು ಹಿಂದಕ್ಕೆ ಕಳಿಸಬೇಕಾಗಿ ಬಂದ ಮತಗಟ್ಟೆ ಅಧಿಕಾರಿಣಿಯೂ ಅದೇ ಕಾನ್ವೆಂಟಿನ ಸನ್ಯಾಸಿನಿ. ಜೊತೆಯಲ್ಲಿ ಬಾಳಿದವರ ಮುಖ ಆಕೆಗೆ ಗೊತ್ತಿರಲಿಲ್ಲವೆಂದು ಯಾರೂ ಹೇಳಲಾರರು. ಗುರುತು ಇತ್ತು, ಗುರುತಿನ ಚೀಟಿ ಇರಲಿಲ್ಲ.

ಬ್ರಿಟನ್ನಿನಲ್ಲಿ ಹೆಸರು, ವಿಳಾಸ ಹೇಳಿದರೆ ಮತಪತ್ರ ಸಿಗುತ್ತಿದ್ದ ಕಾಲ ಇತ್ತೀಚಿನವರೆಗೂ ಇತ್ತು. ಉತ್ತರ ಐರ್ಲೆಂಡಿನಲ್ಲಿ ಮಾತ್ರ 2003ರಿಂದ ಭಾವಚಿತ್ರ ಬೇಕಾಗಿತ್ತು. 2022ರ ಕಾಯಿದೆ ಅದನ್ನು ಇತರ ಭಾಗಗಳಿಗೂ ತಂದಿತು. 2023ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಸ್ಥಳೀಯ ಚುನಾವಣೆಯಲ್ಲಿ ದಾಖಲೆಯಿಲ್ಲದೆ ಮತಗಟ್ಟೆಯಿಂದ ಹಿಂದಿರುಗಿ, ಮತ್ತೆ ಬಂದು ಮತ ಹಾಕದೆ ಉಳಿದವರು ಸುಮಾರು 14,000 ಎಂದು ಅಲ್ಲಿನ ಚುನಾವಣಾ ಆಯೋಗ ಲೆಕ್ಕ ಹಾಕಿತು. ನೂರಕ್ಕೆ ಕಾಲು ಭಾಗ, ಸಣ್ಣದೆನ್ನಬಹುದು. ದಾಖಲೆ ಇಲ್ಲವೆಂದು ಮನೆಯಿಂದಲೇ ಹೊರಡದವರು ಈ ಲೆಕ್ಕದಲ್ಲಿ ಇಲ್ಲ. ವಯಸ್ಸಾದವರ ಬಸ್ ಪಾಸು ಸಲ್ಲುತ್ತದೆ, ಯುವಕರ ರೈಲು ಪಾಸು ಸಲ್ಲುವುದಿಲ್ಲ ಎಂಬ ವ್ಯತ್ಯಾಸವೂ ಟೀಕೆಗೆ ಗುರಿಯಾಯಿತು. ಈ ಕಾನೂನನ್ನು ತಂದ ಸರ್ಕಾರದ ಪ್ರಧಾನಿಯಾಗಿದ್ದ ಬೋರಿಸ್ ಜಾನ್ಸನ್ 2024ರ ಮೇ ತಿಂಗಳಲ್ಲಿ ದಾಖಲೆ ಮರೆತು ಮತಗಟ್ಟೆಗೆ ಹೋಗಿ ಹಿಂದಿರುಗಬೇಕಾಯಿತು. ಮನೆಯಿಂದ ತಂದು ತೋರಿಸಿ ಮತ ಹಾಕಿದರು. ಮಾಜಿ ಪ್ರಧಾನಿಯ ಮುಖ ಯಾರಿಗೂ ಗೊತ್ತಿರಲಿಲ್ಲವೆಂದಲ್ಲ. ಅವರಿಗೆ ಮರಳಿ ಬರಲು ಬಿಡುವಿತ್ತು, ವಾಹನವಿತ್ತು.

ಭಾರತದಲ್ಲಿ ಚೀಟಿ ಇಲ್ಲದ ಮತದಾರ ಈಗ ಅಪರೂಪ. ಹಾಗಾದರೆ ಸಮಸ್ಯೆ ಮುಗಿಯಿತೇ? ಅದು ಎರಡನೆಯ ಪ್ರಶ್ನೆಯಿಂದ ಮೊದಲನೆಯದಕ್ಕೆ, ಎಂದರೆ ಚೀಟಿಯಿಂದ ಪಟ್ಟಿಗೆ, ಜಾಗ ಬದಲಿಸಿದೆ. ಚೀಟಿ ಭದ್ರವಾಗಿ ಪೆಟ್ಟಿಗೆಯಲ್ಲಿರುತ್ತದೆ. ಪಟ್ಟಿ ವರ್ಷವರ್ಷ ಬದಲಾಗುತ್ತದೆ. ಚೀಟಿ ಹಿಡಿದು ಬಂದವರಿಗೆ 'ಹೆಸರೇ ಇಲ್ಲವಲ್ಲ' ಎಂಬ ಉತ್ತರ ಸಿಗುವುದು ಮತದಾನದ ದಿನದ ಸಾಮಾನ್ಯ ದೃಶ್ಯ. 2018ರ ಡಿಸೆಂಬರಿನಲ್ಲಿ ತೆಲಂಗಾಣ ವಿಧಾನಸಭಾ ಚುನಾವಣೆಯಲ್ಲಿ ಹೀಗೆ ಹಿಂದಿರುಗಿದವರು ಎಷ್ಟಿದ್ದರೆಂದರೆ ರಾಜ್ಯದ ಮುಖ್ಯ ಚುನಾವಣಾಧಿಕಾರಿ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಕರ್ನಾಟಕದ ಆಳಂದದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಹೆಸರು ತೆಗೆಸಲು 6,018 ಅರ್ಜಿಗಳು ಆನ್‌ಲೈನಿನಲ್ಲಿ ಬಂದವು. ಪರಿಶೀಲಿಸಿದಾಗ ಸರಿಯಾಗಿದ್ದವು ಬರೀ 24. ಉಳಿದ 5,994 ಅರ್ಜಿಗಳನ್ನು ತಿರಸ್ಕರಿಸಿದರು, ಪೊಲೀಸ್ ದೂರು ದಾಖಲಾಯಿತು. ಯಾರೂ ನೋಡದೆ ಅವು ಅಂಗೀಕಾರವಾಗಿದ್ದರೆ ಅಷ್ಟೂ ಮಂದಿಯ ಕೈಯಲ್ಲಿ ಚೀಟಿ ಇದ್ದೇ ಇರುತ್ತಿತ್ತು, ಓಟು ಇರುತ್ತಿರಲಿಲ್ಲ.

ಪಟ್ಟಿಯಿಂದ ಸುಲಭವಾಗಿ ಜಾರುವವರು ಯಾರು ಎಂಬುದೂ ಗುಟ್ಟಲ್ಲ. ಮದುವೆಯಾಗಿ ಊರು ಬಿಟ್ಟ ಹುಡುಗಿ: ತವರಿನಲ್ಲಿ ಹೆಸರು ಹೋಯಿತು, ಗಂಡನ ಊರಿನಲ್ಲಿ ಇನ್ನೂ ಬಂದಿಲ್ಲ. ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸ ಮಾಡುವ ಕುಟುಂಬ: ಪರಿಶೀಲನೆಗೆ ಬಂದವರಿಗೆ ಊರಿನ ಮನೆಯಲ್ಲಿ ಬೀಗ ಕಾಣುತ್ತದೆ, ಬೆಂಗಳೂರಿನ ಶೆಡ್ಡಿಗೆ ವಿಳಾಸವೇ ಇಲ್ಲ. 'ಸಾಮಾನ್ಯವಾಗಿ ವಾಸಿಸುವ' ಜಾಗದಲ್ಲಿ ಹೆಸರಿರಬೇಕು ಎನ್ನುತ್ತದೆ ಕಾನೂನು. ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಇರುವವರು ಸಾಮಾನ್ಯವಾಗಿ ವಾಸಿಸುವುದೆಲ್ಲಿ? ಇಂಥವರು ಇದ್ದಲ್ಲಿಂದಲೇ ಊರಿನ ಮತ ಹಾಕುವ ಯಂತ್ರದ ಮಾದರಿಯೊಂದನ್ನು ಆಯೋಗ 2022ರ ಡಿಸೆಂಬರಿನಲ್ಲಿ ಮುಂದಿಟ್ಟಿತಾದರೂ ಪಕ್ಷಗಳ ಆಕ್ಷೇಪದಿಂದ ಅದು ಮುಂದುವರಿಯಲಿಲ್ಲ. ಮನೆಯೇ ಇಲ್ಲದವರಿಗೆ ಮಾತ್ರ ಕಾನೂನು ಹೆಚ್ಚು ಮನುಷ್ಯತ್ವ ತೋರಿದೆ. ವಿಳಾಸದ ದಾಖಲೆ ಬೇಡ. ಅವರು ಮಲಗುತ್ತೇವೆಂದು ಹೇಳಿದ ಜಾಗಕ್ಕೆ ಅಧಿಕಾರಿಯೇ ರಾತ್ರಿ ಹೋಗಿ ನೋಡಿ ಖಚಿತಪಡಿಸಿಕೊಳ್ಳಬೇಕು.

ಒಮ್ಮೆ ಪಟ್ಟಿಯಲ್ಲಿ ಹೆಸರು ಬಂದವರನ್ನು ತೆಗೆಯುವುದು ಸುಲಭವಾಗಿರಬಾರದು ಎಂದು ಸುಪ್ರೀಂ ಕೋರ್ಟು 1995ರಲ್ಲಿ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಹೇಳಿತು. ದೆಹಲಿ, ಮುಂಬಯಿಗಳ ಕೆಲವು ಬಡಾವಣೆಗಳ ಮತದಾರರಿಗೆ ಪೌರತ್ವ ಸಾಬೀತು ಮಾಡಿ ಎಂದು ಸಾರಾಸಗಟಾಗಿ ನೋಟಿಸು ಹೋಗಿತ್ತು. ಹಿಂದಿನ ಪಟ್ಟಿಯಲ್ಲಿ ಹೆಸರಿರುವುದಕ್ಕೆ ಬೆಲೆಯಿದೆ, ಅನುಮಾನ ಏಕೆಂದು ತಿಳಿಸದೆ, ಅಹವಾಲು ಕೇಳದೆ ತೆಗೆಯುವಂತಿಲ್ಲ ಎಂದಿತು ನ್ಯಾಯಾಲಯ. ಆ ಹಳೆಯ ಎರಡು ರೂಪಾಯಿ ಠೇವಣಿಯ ತರ್ಕವೇ ಇದು: ಅನುಮಾನ ಪಡುವವನೇ ಕಾರಣ ಕೊಡಲಿ.

ಮೂವತ್ತು ವರ್ಷಗಳ ನಂತರ ಬಿಹಾರದಲ್ಲಿ ಈ ತರ್ಕ ಮತ್ತೆ ಪರೀಕ್ಷೆಗೆ ಒಳಗಾಯಿತು. ವಿಧಾನಸಭಾ ಚುನಾವಣೆಗೆ ಕೆಲವೇ ತಿಂಗಳಿರುವಾಗ, 2025ರ ಜೂನ್ 24ರಂದು, ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಗೆ ಆಯೋಗ ಆದೇಶ ಹೊರಡಿಸಿತು. ಪಟ್ಟಿಯಲ್ಲಿದ್ದ 7.89 ಕೋಟಿ ಮತದಾರರೂ ಹೊಸದಾಗಿ ನಮೂನೆ ತುಂಬಬೇಕು. 2003ರ ಪಟ್ಟಿಯಲ್ಲಿ ಹೆಸರಿಲ್ಲದವರು ಹನ್ನೊಂದು ದಾಖಲೆಗಳಲ್ಲಿ ಒಂದನ್ನು ಕೊಡಬೇಕು. ಆ ಹನ್ನೊಂದರಲ್ಲಿ ಆಧಾರ್ ಇರಲಿಲ್ಲ. ಪಡಿತರ ಚೀಟಿ ಇರಲಿಲ್ಲ. ಆಯೋಗವೇ ಮುದ್ರಿಸಿ, ಸಹಿ ಮಾಡಿ, ಮನೆಮನೆಗೆ ಹಂಚಿದ್ದ ಮತದಾರರ ಗುರುತಿನ ಚೀಟಿಯೂ ಇರಲಿಲ್ಲ. ಆಯೋಗದ ವಾದದಲ್ಲಿ ಹುರುಳಿಲ್ಲವೆಂದಲ್ಲ: ಚೀಟಿ ಹುಟ್ಟಿದ್ದೇ ಹಳೆಯ ಪಟ್ಟಿಯಿಂದ, ಆ ಪಟ್ಟಿಯನ್ನೇ ಪರೀಕ್ಷಿಸುವಾಗ ಚೀಟಿ ಸಾಕ್ಷಿ ಹೇಳುವುದು ಹೇಗೆ? ಆದರೆ ಇಪ್ಪತ್ತು-ಮೂವತ್ತು ವರ್ಷ ಸಿಮ್ ಕಾರ್ಡಿನಿಂದ ಬ್ಯಾಂಕ್ ಖಾತೆಯವರೆಗೆ ಎಲ್ಲ ಕಡೆ ಸಂದ ಚೀಟಿ, ಮತದಾರರ ಪಟ್ಟಿಗೆ ಮಾತ್ರ ಸಲ್ಲದು ಎಂದರೆ ಹಳ್ಳಿಯವನಿಗೆ ಅರ್ಥವಾಗುವುದು ಕಷ್ಟ. ಬೇಕೆಂದದ್ದು ಜನನ ಪ್ರಮಾಣಪತ್ರ, ಮೆಟ್ರಿಕ್ ಪ್ರಮಾಣಪತ್ರ, ಪಾಸ್‌ಪೋರ್ಟು ಇಂಥವು.

ಆಗಸ್ಟ್ 1ರಂದು ಕರಡು ಪಟ್ಟಿ ಬಂದಾಗ ಸುಮಾರು 65 ಲಕ್ಷ ಹೆಸರುಗಳು ಇರಲಿಲ್ಲ. ಸತ್ತವರು 22 ಲಕ್ಷ, ಊರು ಬಿಟ್ಟವರು ಅಥವಾ ಸಿಗದವರು 36 ಲಕ್ಷ, ಒಂದಕ್ಕಿಂತ ಹೆಚ್ಚು ಕಡೆ ಹೆಸರಿದ್ದವರು 7 ಲಕ್ಷ ಎಂಬುದು ಆಯೋಗದ ವಿವರಣೆ. ಹಳೆಯ ಪಟ್ಟಿಗಳಲ್ಲಿ ಸತ್ತವರ ಹೆಸರು ಉಳಿದುಕೊಳ್ಳುವುದು ನಿಜ, ಅದನ್ನು ತೆಗೆಯಲೇಬೇಕು. ಯಾರ ಹೆಸರು ಯಾವ ಕಾರಣಕ್ಕೆ ಹೋಯಿತು ಎಂಬುದು ಮಾತ್ರ ಪ್ರಕಟವಾಗಿರಲಿಲ್ಲ. ಆಗಸ್ಟ್ 14ರಂದು ಸುಪ್ರೀಂ ಕೋರ್ಟು ಕಾರಣಸಹಿತ ಹೆಸರುಗಳನ್ನು ಪ್ರಕಟಿಸಲು ಹೇಳಿತು. ಸೆಪ್ಟೆಂಬರ್ 8ರಂದು ಆಧಾರ್ ಅನ್ನು ಹನ್ನೆರಡನೆಯ ದಾಖಲೆಯಾಗಿ, ಪೌರತ್ವಕ್ಕಲ್ಲದೆ ಗುರುತಿಗಾಗಿ, ಒಪ್ಪಿಕೊಳ್ಳಲು ಸೂಚಿಸಿತು. ಸೆಪ್ಟೆಂಬರ್ 30ರ ಅಂತಿಮ ಪಟ್ಟಿಯಲ್ಲಿ ಸುಮಾರು 7.42 ಕೋಟಿ ಹೆಸರುಗಳಿದ್ದವು. ನವೆಂಬರಿನಲ್ಲಿ ಚುನಾವಣೆ ನಡೆಯಿತು, ಪಟ್ಟಿಯಲ್ಲಿದ್ದವರು ಹಿಂದೆಂದಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಮತ ಹಾಕಿದರು.

ಆಗಸ್ಟ್ 12ರ ವಿಚಾರಣೆಯಲ್ಲಿ ಅರ್ಜಿದಾರರೊಬ್ಬರು ಇಬ್ಬರನ್ನು ನ್ಯಾಯಾಲಯಕ್ಕೆ ಕರೆತಂದಿದ್ದರು. ಕರಡು ಪಟ್ಟಿಯ ಪ್ರಕಾರ ಸತ್ತವರು ಇವರು ಎಂದು ಅವರನ್ನು ನ್ಯಾಯಮೂರ್ತಿಗಳ ಮುಂದೆ ನಿಲ್ಲಿಸಿದರು. ಆಯೋಗದ ಪರ ವಕೀಲರು ಇದನ್ನು ನಾಟಕವೆಂದರು. ಇದು ಅಚಾತುರ್ಯದಿಂದ ಆದ ತಪ್ಪಿರಬಹುದು, ಸರಿಪಡಿಸಬಹುದು ಎಂಬ ಮಾತು ಪೀಠದಿಂದ ಬಂತು. ಸರಿಪಡಿಸಲು ಕ್ರಮವೂ ಉಂಟು: ಬದುಕಿರುವವರು ನಮೂನೆ ತುಂಬಿ, ಭಾವಚಿತ್ರ ಅಂಟಿಸಿ, ದಾಖಲೆ ಲಗತ್ತಿಸಿ ಅರ್ಜಿ ಹಾಕಬೇಕು.